ಬ್ಯಾನರ್ ಸಾಕು, ಬಾಯಿ ತೆರೆಸಿ ನೋಡಿ

ಪ್ರಶ್ನೆ: ಮೇ 31ಕ್ಕೆ ತಂಬಾಕು ವಿರೋಧಿ ದಿನ ಅಂತ ನಮ್ಮ ಯುವಕ ಸಂಘದಿಂದ ಜಾಥಾ ಮಾಡಿದೆವು. ಮಕ್ಕಳು ಸಿಗರೇಟಿನ ಚಿತ್ರ ಹಿಡಿದು ಘೋಷಣೆ ಕೂಗಿದರು. ಅರಳಿಕಟ್ಟೆ ಮೇಲಿದ್ದ ಹಿರಿಯರು ಕಡ್ಡಿಪುಡಿ ಜಗಿಯುತ್ತಲೇ ಚಪ್ಪಾಳೆ ತಟ್ಟಿದರು! ಜನ ಕೇಳಬೇಕು ಅಂದರೆ ಏನು ಮಾಡಬೇಕು?
– ಓದುಗ, ನಾಗಮಂಗಲ ತಾಲ್ಲೂಕು

ಉತ್ತರ: ಓದಿ ನಗು ಬಂತು, ಆಮೇಲೆ ಬೇಜಾರೂ ಆಯಿತು. ಅವರದ್ದೇನೂ ತಪ್ಪಿಲ್ಲ ಕಣ್ರೀ, ನೀವು ಹಿಡಿದ ಚಿತ್ರದಲ್ಲಿ ಅವರು ಇರಲೇ ಇಲ್ಲ. 2016-17ರ ದೇಶವ್ಯಾಪಿ ಸಮೀಕ್ಷೆಯಲ್ಲಿ ಬೀಡಿ ಸಿಗರೇಟು ಸೇದುವ ದೊಡ್ಡವರು ನೂರಕ್ಕೆ ಸುಮಾರು 11 ಜನ, ಹೊಗೆಯಿಲ್ಲದ ತಂಬಾಕು ಬಳಸುವವರು 21. ಎಲೆ ಅಡಿಕೆ ತಟ್ಟೆಯಲ್ಲಿ ಸುಣ್ಣದ ಪಕ್ಕ ಇರೋದನ್ನ ನಾವು ಚಟ ಅಂತ ಕರೆಯೋದೇ ಇಲ್ಲ, ಅಲ್ವಾ?

ನಾನು ಹಲ್ಲಿನ ಡಾಕ್ಟರ್. ಒಮ್ಮೆ ಆಟೋ ಓಡಿಸುವ ಹುಡುಗ ಬಂದ, ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಸಾರು ತಿಂದರೆ ಬಾಯಿ ಉರಿಯುತ್ತೆ ಸಾರ್ ಅಂದ. ಮೂರು ಬೆರಳು ಒಂದರ ಮೇಲೊಂದು ಬರುವ ಹಾಗೆ ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡು ಅಂದೆ. ಎರಡನೆಯದೇ ಹೋಗಲಿಲ್ಲ. ಒಳಗೆ ಕೆನ್ನೆ ಬೆಳ್ಳಗಾಗಿ ಹಗ್ಗದ ಥರ ಬಿಗಿದಿತ್ತು. ಗುಟ್ಕಾ ನಿಲ್ಲಿಸಿದರೂ ಆ ಬಿಗಿತ ಪೂರ್ತಿ ಹೋಗೋದು ಕಷ್ಟ, ಮುಂದೆ ಕ್ಯಾನ್ಸರ್ ಆಗುವ ಭಯವೂ ಇರುತ್ತೆ.

ಈ ಮೂರು ಬೆರಳಿನ ಆಟವನ್ನೇ ಅರಳಿಕಟ್ಟೆಯಲ್ಲಿ ಆಡಿಸಿ. ಬೈಯೋದು ಬೇಡ, ಭಾಷಣ ಅಂತೂ ಬೇಡವೇ ಬೇಡ. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರನ್ನು ಒಂದು ಭಾನುವಾರ ಕರೆಸಿ, ಮೊಬೈಲ್ ಟಾರ್ಚ್ ಹಿಡಿದು ಒಬ್ಬೊಬ್ಬರದೇ ಕೆನ್ನೆ ಒಳಗೆ ತೋರಿಸಿ, ಅದರಲ್ಲೂ ಯಾವ ಪಕ್ಕ ಒತ್ತರಿಸಿ ಇಟ್ಟುಕೊಳ್ಳುತ್ತಾರೋ ಆ ಜಾಗವನ್ನ, ಯಾಕಂದರೆ ಬಿಳಿ ಮಚ್ಚೆ, ಹುಣ್ಣು ಏಳೋದು ಸಾಮಾನ್ಯವಾಗಿ ಅಲ್ಲೇ. ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ತಡ ಮಾಡದೆ ದೊಡ್ಡಾಸ್ಪತ್ರೆಗೆ ಕಳಿಸಿ. ಹೆಂಗಸರು ಕಟ್ಟೆಗೆ ಬರೋದಿಲ್ಲ, ಅವರಿಗೆ ಸ್ತ್ರೀಶಕ್ತಿ ಸಂಘದ ಮೀಟಿಂಗೇ ಸರಿಯಾದ ಜಾಗ, ಆಶಾ ಕಾರ್ಯಕರ್ತೆಯನ್ನೂ ಕರೆಯಿರಿ.

ಪ್ರಶ್ನೆ: ಅಜ್ಜಿ ಹೊಗೆಸೊಪ್ಪು ಬಿಡ್ತೀನಿ, ಬರೀ ಅಡಿಕೆ ಹಾಕ್ಕೋತೀನಿ ಅಂತಾರೆ. ಪರವಾಗಿಲ್ವಾ?
– ಮೊಮ್ಮಗಳು, ತೀರ್ಥಹಳ್ಳಿ

ಉತ್ತರ: ತೀರ್ಥಹಳ್ಳಿಯಿಂದ ಈ ಪ್ರಶ್ನೆ ಬಂದರೆ ಉತ್ತರ ಬರೆಯೋಕೂ ಭಯ! ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಅಂತ ಪಟ್ಟಿಗೆ ಸೇರಿಸಿದೆ. ಹೊಗೆಸೊಪ್ಪು ಬಿಡೋದು ಖಂಡಿತ ದೊಡ್ಡ ಹೆಜ್ಜೆ, ಮೊದಲು ಅದಕ್ಕೆ ಶಭಾಷ್ ಅನ್ನಿ. ಮೊದಲ ಮೂರು ನಾಲ್ಕು ದಿನ ಸಿಡಿಮಿಡಿ ಜಾಸ್ತಿ. ಬೇಕು ಅನ್ನಿಸೋ ಆ ಒತ್ತಡ ಕೆಲವೇ ನಿಮಿಷ ಇರುತ್ತೆ, ಅಷ್ಟು ಹೊತ್ತು ಸೋಂಪು, ಏಲಕ್ಕಿ ಬಾಯಿಗೆ ಕೊಟ್ಟು ಮಾತಿಗೆ ಎಳೆಯಿರಿ. ತಂಬಾಕು ಬಿಡಿಸುವ ಸಹಾಯವಾಣಿ 1800-11-2356 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ನಂಬರ್ ಪ್ಯಾಕೆಟ್ ಮೇಲೆಯೇ ಇರುತ್ತೆ, ನೋಡುವವರು ಕಮ್ಮಿ ಅಷ್ಟೇ.

ಪ್ರಶ್ನೆ: ಶಾಲೆ ಗೇಟಿನ ಎದುರಿಗೇ ಪೆಟ್ಟಿಗೆ ಅಂಗಡಿ. ಮಕ್ಕಳ ಕೈಗೇ ಪ್ಯಾಕೆಟ್ ಕೊಡ್ತಾರೆ. ಯಾರಿಗೆ ಹೇಳೋದು?
– ಒಬ್ಬ ಶಿಕ್ಷಕಿ

ಉತ್ತರ: 2003ರ ಕೇಂದ್ರ ಕಾಯ್ದೆಯಲ್ಲೇ ಶಾಲೆಯಿಂದ 100 ಗಜದೊಳಗೆ ಮಾರುವ ಹಾಗಿಲ್ಲ. ನಮ್ಮ ರಾಜ್ಯ 2025ರಲ್ಲಿ ತಿದ್ದುಪಡಿ ತಂದು, ಕೊಳ್ಳುವವರ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿ ಪೊಲೀಸ್ ಠಾಣೆಗೂ ಪಂಚಾಯಿತಿಗೂ ಬರಹದಲ್ಲಿ ಕೊಡಿ, ಹಿಂಬರಹ ಪಡೆಯಿರಿ. ಅದಕ್ಕೂ ಮೊದಲು ಅಂಗಡಿಯವರ ಜೊತೆ ಒಮ್ಮೆ ಕೂತು ಮಾತಾಡಿ. ಅವರ ಮಗುವೂ ನಿಮ್ಮ ಶಾಲೆಯಲ್ಲೇ ಓದುತ್ತಿರಬಹುದು.