ಡಬ್ಬ ವಾಪಸ್ ಬಂತು, ನಾನು ಹೋಗಲಿಲ್ಲ

ಅಕ್ಟೋಬರ್‌ನಲ್ಲಿ ಇಂಗೋಲ್‌ಸ್ಟಾಟ್‌ನಲ್ಲಿ ಮಾಸ್ಟರ್ಸ್ ಶುರು, ರಾತ್ರಿ ಒಂಬತ್ತೂವರೆಗೆ ಮ್ಯೂನಿಕ್‌ನಲ್ಲಿ ಇಳೀತೀನಿ, ಎರಡು ಸೂಟ್‌ಕೇಸು, ಒಬ್ಬಳೇ ಅಂತ ದಾವಣಗೆರೆಯಿಂದ ಬರೆದಿದ್ದೀಯ. "ಜರ್ಮನ್ನರು ಮುಖ ಕೊಟ್ಟು ಮಾತಾಡಲ್ಲ ಅಂತಾರೆ ಸರ್, ದಾರೀಲಿ ಏನಾದ್ರೂ ಆದ್ರೆ ಗುರುತಿಲ್ಲದವರ ಹತ್ರ ಸಹಾಯ ಕೇಳಬಹುದಾ?" ಇದು ನಿನ್ನ ಪ್ರಶ್ನೆ. ಜೊತೆಗೆ ಬಾಡಿಗೆ, ಕುಕ್ಕರ್, ಜಾಕೆಟ್ಟು. ನನ್ನ ಮಗಳಿಗಿಂತ ಮೂರೇ ವರ್ಷ ದೊಡ್ಡವಳು ನೀನು, ಅದಕ್ಕೇ ಏಕವಚನ. ಬೇಜಾರು ಮಾಡ್ಕೋಬೇಡ. ಸರ್ ಅನ್ನೋದೂ ಬೇಡ.

ಸಣ್ಣವನ್ನ ಮೊದಲು ಮುಗಿಸ್ತೀನಿ. ಕುಕ್ಕರ್ ಮೂರು ಲೀಟರ್‌ದು ಸಾಕು, ಇಂಡಕ್ಷನ್‌ಗೆ ಆಗೋದು ನೋಡಿ ತಗೋ, ಗ್ಯಾಸ್ಕೆಟ್ ಎರಡು ಹೆಚ್ಚಿಗೆ ಇಟ್ಕೋ. ಜಾಕೆಟ್ ಇಲ್ಲೇ ತಗೋಬಹುದು, ಅಲ್ಲಿ ಸಿಗೋದು ಇಲ್ಲಿನ ಚಳಿಗೆ ಆಗಲ್ಲ. ನಿಮ್ಮೂರ ಬೆಣ್ಣೆ, ತುಪ್ಪ, ಪೇಡ ತರಬೇಡ. ಹಾಲಿನ ಪದಾರ್ಥ ಹೊರದೇಶದಿಂದ ತರೋ ಹಾಗಿಲ್ಲ, ಕಸ್ಟಮ್ಸ್‌ನೋರು ಎಸೀತಾರೆ. ಮಂಡಕ್ಕಿಗೆ ಅಡ್ಡಿಯಿಲ್ಲ. ಬಾಡಿಗೆ ವಿಷಯದಲ್ಲಿ ಒಂದೇ ಮಾತು: ಮನೆ ಕಣ್ಣಾರೆ ನೋಡದೆ ದುಡ್ಡು ಕಳಿಸಬೇಡ. "ನಾನೀಗ ಬೇರೆ ದೇಶದಲ್ಲಿದ್ದೀನಿ, ಡೆಪಾಸಿಟ್ ಹಾಕಿ, ಕೀ ಪೋಸ್ಟಲ್ಲಿ ಬರುತ್ತೆ" ಅಂತ ಸಕ್ಕರೆ ಸುರಿದು ಬರೆಯೋರೆಲ್ಲ ಕಳ್ಳರು. ಹಾಗೇ, ಏರ್‌ಪೋರ್ಟ್‌ನಲ್ಲಿ ಯಾರಾದರೂ "ನಮ್ಮ ಹುಡುಗನಿಗೆ ಸ್ವಲ್ಪ ಮಾತ್ರೆ ಕಣಮ್ಮ" ಅಂತ ಪೊಟ್ಟಣ ಕೊಟ್ಟರೆ, ಕನ್ನಡದವರೇ ಆಗಿರಲಿ, ಮುಟ್ಟಬೇಡ.

ಇನ್ನು ದಾರಿ. ಮ್ಯೂನಿಕ್ ಏರ್‌ಪೋರ್ಟ್‌ನಿಂದ ಇಂಗೋಲ್‌ಸ್ಟಾಟ್‌ಗೆ ನೇರ ಬಸ್ಸಿದೆ. ಅದು ತಪ್ಪಿದರೆ ಮ್ಯೂನಿಕ್ ಊರೊಳಗಿನ ದೊಡ್ಡ ಸ್ಟೇಷನ್ನಿಗೆ ಹೋಗು. ಅಲ್ಲಿ 11ನೇ ಪ್ಲಾಟ್‌ಫಾರ್ಮ್ ಪಕ್ಕ ಬಾನ್‌ಹೋಫ್ಸ್‌ಮಿಸ್ಸಿಯೋನ್ ಅಂತ ಬೋರ್ಡ್ ಇರುತ್ತೆ, ನೀಲಿ ಜಾಕೆಟ್ ಹಾಕ್ಕೊಂಡವರು ಇರ್ತಾರೆ, ರಾತ್ರಿಯಿಡೀ ತೆಗೆದಿರುತ್ತೆ. ಬಿಸಿ ಟೀ ಕೊಡ್ತಾರೆ, ಕೂರಿಸ್ತಾರೆ, ಯಾವ ಗಾಡಿ ಅಂತ ನೋಡಿ ಹೇಳ್ತಾರೆ. ಕಾಸು ಕೇಳಲ್ಲ, ಜಾತಕ ಕೇಳಲ್ಲ. 1894ರಲ್ಲಿ ಬರ್ಲಿನ್‌ನ ಒಂದು ಸ್ಟೇಷನ್‌ನಲ್ಲಿ ಇದು ಶುರುವಾದದ್ದೇ ನಿನ್ನಂಥವರಿಗೋಸ್ಕರ, ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ಒಬ್ಬೊಬ್ಬರೇ ರೈಲಿಳೀತಿದ್ದ ಹುಡುಗಿಯರನ್ನ ದಲ್ಲಾಳಿಗಳ ಕೈಯಿಂದ ಉಳಿಸೋಕೆ. ನಮ್ಮ ಕಡೆ ಬೇಸಿಗೆಯಲ್ಲಿ ಅರವಟ್ಟಿಗೆ ಇಡ್ತಾರಲ್ಲ, ದಾರಿಹೋಕರಿಗೆ ನೀರು ಮಜ್ಜಿಗೆ, ಇದು ಇವರ ಅರವಟ್ಟಿಗೆ ಅಂದ್ಕೋ.

ಟಿಕೆಟ್ ಮಾತ್ರ ಹುಷಾರು. ಕೆಲವು ಟಿಕೆಟ್ಟನ್ನ ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ಟಿಕೆಟ್ ಇಲ್ಲದ ಲೆಕ್ಕ, 60 ಯೂರೋ ದಂಡ. ನಾನು 2003ರಲ್ಲಿ ಬಂದಿಳಿದ ದಿನ ಇದು ಗೊತ್ತಿರಲಿಲ್ಲ. ಒಬ್ಬ ಅಜ್ಜಿ ಬಂದವಳೇ ನನ್ನ ಕೈಲಿದ್ದ ಟಿಕೆಟ್ ಕಿತ್ಕೊಂಡಳು. ನಾನು "ಏಯ್" ಅಂತ ಕೂಗೇಬಿಟ್ಟೆ. ಅವಳು ಅದನ್ನ ಮಡಚಿ ಯಂತ್ರಕ್ಕೆ ತೂರಿಸಿ, ಟಕ್ ಅಂದಮೇಲೆ ನನ್ನ ಜೇಬಿಗಿಟ್ಟು, ಬೈಯೋ ಥರ ಏನೋ ಹೇಳಿ ಹೋದಳು. ಇಲ್ಲಿ ಉಪಕಾರ ಸಾಮಾನ್ಯವಾಗಿ ಬೈಗುಳದ ಧಾಟೀಲೇ ಬರುತ್ತೆ. ಈಗ ಫೋನಲ್ಲೇ ಡಾಯ್ಚ್‌ಲಾಂಡ್ ಟಿಕೆಟ್ ಇದೆ, ದೇಶದ ಲೋಕಲ್ ರೈಲು, ಬಸ್ಸಿಗೆಲ್ಲ ಆಗೋ ತಿಂಗಳ ಪಾಸು, 2023ರ ಮೇನಲ್ಲಿ 49 ಯೂರೋಗೆ ಶುರುವಾಗಿದ್ದು 2026ರಿಂದ 63 ಆಗಿದೆ; ವಿದ್ಯಾರ್ಥಿಗಳಿಗೆ ರಿಯಾಯಿತಿ ಏನಿದೆ ಅಂತ ಕಾಲೇಜಲ್ಲೇ ಕೇಳು.

ಇದು ಬರೋಕೆ ಮುಂಚೆ ನಾವೆಲ್ಲ ಬಯರ್ನ್ ಟಿಕೆಟ್, ಅಂದರೆ ಈ ರಾಜ್ಯದೊಳಗೆ ಒಂದು ದಿನ ಓಡಾಡೋ ಟಿಕೆಟ್ಟಿನ ಗಿರಾಕಿಗಳು. ಒಂದು ಟಿಕೆಟ್ಟಲ್ಲಿ ಐದು ಜನ ಹೋಗಬಹುದು. ಮಷೀನ್ ಮುಂದೆ ನಿಂತು ಬಂದವರನ್ನೆಲ್ಲ "ನ್ಯೂರೆಂಬರ್ಗ್? ನ್ಯೂರೆಂಬರ್ಗ್?" ಅಂತ ಕರೆಯೋದು, ಮೆಜೆಸ್ಟಿಕ್‌ನಲ್ಲಿ ಕಂಡಕ್ಟರ್ ಕೂಗಿದ ಹಾಗೆ. ಐದು ಜನ ಸೇರಿದರೆ ದುಡ್ಡು ಹಂಚಿಕೊಂಡು ಹತ್ತೋದು. ಊರು ಬಂದ ತಕ್ಷಣ ಇಳಿದು ಚದುರಿ ಹೋಗೋರು, ಒಬ್ಬರೂ ತಿರುಗಿ ನೋಡ್ತಿರಲಿಲ್ಲ. ನನಗೆ ಅದೇ ಸಂಕಟ. ಎರಡು ಗಂಟೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೀವಿ, ಯಾವೂರು, ಮಕ್ಕಳೆಷ್ಟು ಅಂತ ಕೇಳಬೇಡವೇ?

ನಮ್ಮೂರು ಅರಸೀಕೆರೆ. ನೀನು ಬೆಂಗಳೂರಿಗೆ ರೈಲಲ್ಲಿ ಹೋಗಿದ್ದರೆ ಹಾದೇ ಹೋಗಿರ್ತೀಯ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಿದ್ದರು, ಮನೆ ಸ್ಟೇಷನ್ ಹಿಂದಿನ ಬೀದಿ. ಮೈಸೂರು ಕಡೆ ಗಾಡಿ ತಪ್ಪಿಸಿಕೊಂಡು ರಾತ್ರಿ ಪ್ಲಾಟ್‌ಫಾರ್ಮಲ್ಲಿ ಕೂತವರನ್ನ, ಅದರಲ್ಲೂ ಹೆಂಗಸರು ಮಕ್ಕಳಿದ್ದರೆ, ಮನೆಗೇ ಕರ್ಕೊಂಡು ಬಂದುಬಿಡೋರು. ಅಮ್ಮ ಗೊಣಗಿಕೊಂಡೇ ಒಲೆ ಹಚ್ಚೋರು. ಬೆಳಗ್ಗೆ ಅವರು ಹೊರಡೋ ಹೊತ್ತಿಗೆ ಯಾವ ಕಡೆಯಿಂದಲೋ ನೆಂಟರೇ ಆಗಿರೋರು, ಆಮೇಲೆ ಮದುವೆ ಕರೆಯೋಲೆ ಕೂಡ ಬರೋದು. ಆ ಮನೇಲಿ ಬೆಳೆದವನು ನಾನು. ನನ್ನ ತಪ್ಪು ಶುರುವಾಗಿದ್ದೇ ಅಲ್ಲಿ.

2006ರ ಸಂಕ್ರಾಂತಿ ಶನಿವಾರ ಬಂದಿತ್ತು. ನ್ಯೂರೆಂಬರ್ಗ್‌ನಲ್ಲಿ ಗುರುತಿನ ಕನ್ನಡದ ಮನೆಗೆ ಹೋಗಿ ವಾಪಸ್ ಬರ್ತಿದ್ವಿ. ಹೆಂಡತಿಗೆ ಆರು ತಿಂಗಳು. ಹೊಸ ಹೈಸ್ಪೀಡ್ ಹಳಿ ಇನ್ನೂ ಶುರುವಾಗಿರಲಿಲ್ಲ, ಎಲ್ಲ ಗಾಡಿ ಟ್ರೊಯ್ಶ್ಟ್‌ಲಿಂಗನ್ ಅನ್ನೋ ಜಂಕ್ಷನ್ ಸುತ್ತಿಕೊಂಡೇ ಬರಬೇಕು. ಹಿಮ ಬಿದ್ದು ಗಾಡಿ ತಡ. ಎದುರು ಸೀಟಲ್ಲಿ ಅರವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ಹೆಂಡತಿ ಎಳ್ಳುಬೆಲ್ಲದ ಪೊಟ್ಟಣ ಬಿಚ್ಚಿ ಮುಂದೆ ಹಿಡಿದಳು. ತಲೆ ಅಲ್ಲಾಡಿಸಿ ಕಿಟಕಿ ಕಡೆ ತಿರುಗಿದರು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತೀವಿ. ಈ ಪುಣ್ಯಾತ್ಮ ತಿನ್ನಲೂ ಇಲ್ಲ, ಆಡಲೂ ಇಲ್ಲ.

ಟ್ರೊಯ್ಶ್ಟ್‌ಲಿಂಗನ್‌ನಲ್ಲಿ ಇಳಿದರೆ ಇಂಗೋಲ್‌ಸ್ಟಾಟ್‌ನ ಕೊನೆ ಗಾಡಿ ಹೋಗಿಯಾಗಿತ್ತು. ಟಿಕೆಟ್ ಕೌಂಟರ್ ಮುಚ್ಚಿತ್ತು, ಒಳಗೆ ಕೂರೋ ಜಾಗಕ್ಕೂ ಬೀಗ. ಚಳಿ ಮೈನಸ್ ಹತ್ತರ ಹತ್ತಿರ. ನನ್ನ ಜರ್ಮನ್ ಆಗ ಬೇಕರಿಗೆ ಸಾಕಾಗುವಷ್ಟು. ಅದೇ ಮನುಷ್ಯ ಹತ್ತು ಹೆಜ್ಜೆ ಹೋದವರು ನಿಂತರು, ಹೆಂಡತಿಯ ಹೊಟ್ಟೆ ನೋಡಿದರು, ನನ್ನನ್ನ ನೋಡಿದರು. "ಎಲ್ಲಿಗೆ?" "ಇಂಗೋಲ್‌ಸ್ಟಾಟ್." "ಬನ್ನಿ."

ಅವರ ಮನೆ ಅದೇ ಊರಲ್ಲಿ, ಸ್ಟೇಷನ್‌ನಿಂದ ಐದು ನಿಮಿಷ. ನಮಗೋಸ್ಕರ ಕಾರಿನ ಗಾಜಿನ ಮೇಲಿನ ಮಂಜು ಕೆರೆದು, ಹಿಮದ ರಸ್ತೇಲಿ ಒಂದು ಗಂಟೆಗೂ ಮಿಕ್ಕಿ ಓಡಿಸಿದರು, ಮತ್ತೆ ಅಷ್ಟೇ ದೂರ ಒಬ್ಬರೇ ಹಿಂದಕ್ಕೆ. ದಾರಿಯುದ್ದಕ್ಕೂ ಮಾತಿಲ್ಲ. ಹೀಟರ್ ಮಾತ್ರ ಹಿಂದಿನ ಸೀಟಿನ ಕಡೆ ತಿರುಗಿಸಿದರು. ಬಾಗಿಲಲ್ಲಿ ನಾನು 50 ಯೂರೋ ನೋಟು ಚಾಚಿದೆ, ಕೈ ಹಿಂದೆ ಕಟ್ಕೊಂಡರು. ಕಾಫಿ ಕುಡಿದು ಹೋಗಿ ಅಂದೆ, ತಡವಾಯ್ತು ಅಂದರು. ಬಿಡದೆ ವಿಳಾಸ ಕೇಳಿದೆ. ಸ್ವಲ್ಪ ಯೋಚಿಸಿ ಬರೆದುಕೊಟ್ಟರು.

ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಅತ್ತೆ ಬಂದಿದ್ದರು. ಅಂಥ ಮನುಷ್ಯನಿಗೆ ಮಗು ತೋರಿಸದಿದ್ದರೆ ಹೇಗೆ ಅಂತ ಅವರೇ ಮೈಸೂರುಪಾಕ್ ಮಾಡಿ, ತಮ್ಮ ಹೆಸರು ಕೊರೆಸಿದ್ದ ಸ್ಟೀಲ್ ಡಬ್ಬದಲ್ಲಿ ತುಂಬಿಕೊಟ್ಟರು. ಜೂನ್‌ನ ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಹೇಳದೆ ಕೇಳದೆ, ನಾಲ್ಕೂ ಜನ ಹೋಗಿ ಬೆಲ್ ಒತ್ತಿದ್ವಿ.

ಬಾಗಿಲು ಒಂದು ಗೇಣು ತೆರೀತು. ನಮ್ಮನ್ನ ನೋಡಿ ಅವರ ಮುಖ ಬಿಳಿಚಿಕೊಂಡಿತು. "ಇಸ್ಟ್ ಎಟ್ವಾಸ್ ಪಸೀರ್ಟ್?" ಅಂದರು. ಏನಾದ್ರೂ ಆಯ್ತಾ, ಅಂತ. ಏನೂ ಇಲ್ಲ, ಸುಮ್ಮನೆ ಬಂದ್ವಿ ಅಂದೆ. ಸುಮ್ಮನೆ ಅನ್ನೋದನ್ನ ಜರ್ಮನ್‌ನಲ್ಲಿ ಹೇಳೋಕೆ ನನಗೆ ಇವತ್ತಿಗೂ ಸರಿಯಾಗಿ ಬರಲ್ಲ. ಮಗುವಿನ ಪಾದವನ್ನ ಒಂದು ಬೆರಳಲ್ಲಿ ಮುಟ್ಟಿದರು. ಡಬ್ಬ ತಗೊಂಡು ಥ್ಯಾಂಕ್ಸ್ ಹೇಳಿ ನಿಂತರು. ಒಳಗೆ ಬನ್ನಿ ಅನ್ನಲಿಲ್ಲ. ಸ್ವಲ್ಪ ಹೊತ್ತು ನಾವೂ ನಿಂತು, ವಾಪಸ್ ಬಂದ್ವಿ. ಅತ್ತೆ ರೈಲಲ್ಲಿ ಮಾತೇ ಆಡಲಿಲ್ಲ. ಒಂದು ಲೋಟ ನೀರೂ ಕೊಡಲಿಲ್ಲವಲ್ಲ ಅನ್ನೋದು ಅವರ ಮುಖದಲ್ಲೇ ಇತ್ತು.

ನನಗೆ ಅವಮಾನ ಆಯ್ತು. ಅವಮಾನವನ್ನ ನಾನು ತಮಾಷೆ ಮಾಡ್ಕೊಂಡೆ. ಯುಗಾದಿ, ರಾಜ್ಯೋತ್ಸವ ಅಂತ ನಮ್ಮವರು ಎಲ್ಲಿ ಸೇರಿದರೂ "ಇಸ್ಟ್ ಎಟ್ವಾಸ್ ಪಸೀರ್ಟ್" ಅಂತ ಅವರ ಮುಖ ಮಾಡಿ ತೋರಿಸೋದು, ಜನ ಬಿದ್ದು ಬಿದ್ದು ನಗೋದು.

ಈಗ ಯಾರಿಗೂ ಹೇಳದೆ ಇದ್ದ ಭಾಗ. ಅದೇ ವರ್ಷ ಅಕ್ಟೋಬರ್‌ನಲ್ಲಿ ಒಂದು ಬೆಳಗ್ಗೆ ನಮ್ಮ ಬಾಗಿಲ ಮುಂದೆ ಅತ್ತೆಯ ಡಬ್ಬ ಇತ್ತು. ಬೆಲ್ ಒತ್ತದೆ ಇಟ್ಟು ಹೋಗಿದ್ದರು. ಥಳಥಳ ತೊಳೆದಿತ್ತು. ಒಳಗೆ ಸೇಬು, ಜೊತೆಗೆ ಒಂದು ಚೀಟಿ: "ಬೊಸ್ಕೋಪ್. ತೋಟದ್ದು. ಹುಳಿ ಇರುತ್ತೆ, ಬೇಯಿಸಿ ಮಗುವಿಗೆ ಕೊಡಿ." ಬೊಸ್ಕೋಪ್ ಅನ್ನೋದು ಆ ಸೇಬಿನ ಜಾತಿ. ಮಗಳಿಗೆ ಆಗ ಆರು ತಿಂಗಳು, ಅನ್ನ ಉಣಿಸೋ ಕಾಲ. ಹೆಂಡತಿ ಚೀಟಿ ಓದಿ ಅಂದಳು, "ಖಾಲಿ ಡಬ್ಬ ವಾಪಸ್ ಕೊಡಬಾರದು ಅಂತ ಇವರಿಗೆ ಯಾರು ಹೇಳಿಕೊಟ್ಟರು ರೀ? ಹಣ್ಣು ಆಗೋವರೆಗೂ ಇಟ್ಕೊಂಡಿದ್ದಾರೆ ನೋಡಿ." ಒಂದು ಫೋನ್ ಮಾಡಿ, ಎರಡು ಸಾಲು ಬರೀರಿ ಅಂತ ವಾರಗಟ್ಟಲೆ ಹೇಳಿದಳು. ನಾನು ಮಾಡಲಿಲ್ಲ. ಮಗಳು ಆ ಸೇಬು ತಿಂದಳು, ನಾನು ಆ ತಮಾಷೆ ಹೇಳ್ತಾನೇ ಹೋದೆ, ಸೇಬು ಬಿಟ್ಟು. ಸೇಬು ಸೇರಿಸಿದರೆ ಜನ ನಗ್ತಿರಲಿಲ್ಲ.

ಏಳು ವರ್ಷದ ಮೇಲೆ, ಇಲ್ಲಿನ ರೀತಿ ಅಷ್ಟಿಷ್ಟು ಕಲಿತಮೇಲೆ, ಕಾಗದ ಬರೆದೆ. ಯಾವತ್ತು ಬಂದರೆ ನಿಮಗೆ ಅನುಕೂಲ ಅಂತ ಕ್ರಮವಾಗಿ ಕೇಳಿದೆ. ಆ ವಿಳಾಸದಲ್ಲಿ ಅಂಥವರು ಇಲ್ಲ ಅನ್ನೋ ಮುದ್ರೆ ಬಿದ್ದು ವಾಪಸ್ ಬಂತು.

ನೀನು ಕೇಳಿದ್ದಕ್ಕೆ ಬರ್ತೀನಿ. ಕೇಳಬಹುದು, ಧಾರಾಳವಾಗಿ. ಆದರೆ ಬಾಯಿಬಿಟ್ಟು ಕೇಳಬೇಕು. ಪೆಚ್ಚುಮೋರೆ ಹಾಕ್ಕೊಂಡು ನಿಂತರೆ ಯಾರಾದರೂ ಬರ್ತಾರೆ ಅಂತ ಕಾಯಬೇಡ. ನನ್ನ ಪಾಲಿಗೆ ಒಬ್ಬರು ಬಂದರು, ಅದು ನನ್ನ ಅದೃಷ್ಟ. ಸೂಟ್‌ಕೇಸ್ ಮೆಟ್ಟಿಲು ಹತ್ತಿಸಬೇಕಾದರೆ ನಿರ್ದಿಷ್ಟವಾಗಿ ಒಬ್ಬರನ್ನ ನೋಡಿ "ಸ್ವಲ್ಪ ಕೈ ಹಾಕ್ತೀರಾ" ಅನ್ನು, ಮೇಲಿನವರೆಗೂ ಹೊತ್ತು ತಂದಿಟ್ಟು ಹೋಗ್ತಾರೆ. ಅಪಘಾತದಲ್ಲಿ ಬಿದ್ದವರನ್ನ ನೋಡಿಯೂ ಕೈಲಾದ ಸಹಾಯ ಮಾಡದೆ ಹೋದರೆ ಈ ದೇಶದಲ್ಲಿ ಅಪರಾಧ, ಒಂದು ವರ್ಷದವರೆಗೆ ಜೈಲಾಗಬಹುದು. ಪ್ರಥಮ ಚಿಕಿತ್ಸೆ ಕಲಿಯದೆ ಡ್ರೈವಿಂಗ್ ಲೈಸೆನ್ಸೇ ಕೊಡಲ್ಲ. ಹಾಗಂತ ಕಾನೂನಿಗೆ ಹೆದರಿ ಮಾಡ್ತಾರೆ ಅಂದ್ಕೋಬೇಡ. 2015ರ ಸೆಪ್ಟೆಂಬರ್‌ನಲ್ಲಿ ಯುದ್ಧದಿಂದ ಓಡಿಬಂದವರು ಸಾವಿರಗಟ್ಟಲೆ ಮ್ಯೂನಿಕ್ ಸ್ಟೇಷನ್‌ನಲ್ಲಿ ಇಳಿದಾಗ ನೀರು, ಡೈಪರ್, ಆಟದ ಸಾಮಾನು ತಂದು ಸುರಿದರು ಜನ, ಇನ್ನು ಸಾಕು ತರಬೇಡಿ ಅಂತ ಪೊಲೀಸರೇ ಹೇಳಬೇಕಾಯ್ತು. ದಾರೀಲಿ ಬಿದ್ದ ಮಕ್ಕಳ ಒಂಟಿ ಗ್ಲೌಸನ್ನ ಕಂಡವರು ಬೇಲಿ ಗೂಟಕ್ಕೆ ಸಿಕ್ಕಿಸಿ ಹೋಗ್ತಾರೆ, ಚಳಿಗಾಲದಲ್ಲಿ ನೋಡು. ಸಿಕ್ಕಿಸಿದವರು ಯಾರು ಅಂತ ಯಾರಿಗೂ ಗೊತ್ತಿರಲ್ಲ, ಗೊತ್ತಾಗಲಿ ಅಂತ ಅವರಿಗೂ ಇರಲ್ಲ.

ಅಕ್ಟೋಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ಬಸ್ ನಿಲ್ದಾಣಕ್ಕೆ ಬರ್ತೀವಿ. ನಾನೂ ನಿನಗೆ ಗುರುತಿಲ್ಲದವನೇ, ಅದಕ್ಕೆ ಮೊದಲು ನಿಮ್ಮಮ್ಮನ ಹತ್ರ ನನ್ನ ಹೆಂಡತಿ ವಿಡಿಯೋ ಕಾಲ್‌ನಲ್ಲಿ ಮಾತಾಡಲಿ. ಆಮೇಲೆ ಯಾವಾಗ ಬೇಕಾದರೂ ಊಟಕ್ಕೆ ಬಾ. ಒಂದು ಮೆಸೇಜ್ ಮಾತ್ರ ಹಾಕಿ ಬಾ ಕಣಮ್ಮ. ಹೇಳದೆ ಕೇಳದೆ ಯಾರಾದರೂ ಬೆಲ್ ಒತ್ತಿದರೆ ಈಗ ನನಗೂ ಎದೆ ಧಸಕ್ ಅನ್ನುತ್ತೆ.