‘ಅಂತೆ’ ಬಿಟ್ಟುಹೋದ ವಾಕ್ಯ

(ಮದ್ದೂರು ತಾಲ್ಲೂಕಿನ ನಿವೃತ್ತ ಕನ್ನಡ ಶಿಕ್ಷಕರೊಬ್ಬರು ಬರೆದ ದೀರ್ಘ ಪತ್ರದ ಸಾರಾಂಶ: ‘ಕಳೆದ ಸಂಚಿಕೆಯ ಮಾತುಕತೆಯಲ್ಲಿ ನಮ್ಮೂರಿನ ರೈತರೊಬ್ಬರು “ನಾಲೆಗೆ ನೀರು ಬಿಟ್ಟಿದ್ದಾರೆ” ಎಂದರೆಂದು ಅಚ್ಚಾಗಿದೆ. ನಾನು ಪಕ್ಕದಲ್ಲೇ ಕುಳಿತಿದ್ದೆ. ಅವರು ಆಡಿದ್ದು “ನಾಲೆಗೆ ನೀರ್ ಬುಟ್ಟವ್ರಂತೆ ಕಣಪ್ಪ” ಎಂಬ ಮಾತು. ಈಗ ಊರವರೆಲ್ಲ ಅವರನ್ನು ನಿಲ್ಲಿಸಿಕೊಂಡು “ನೀರು ಬಂತು ಅಂತ ಪೇಪರಿನಲ್ಲಿ ಹೇಳಿದ್ದೀಯಲ್ಲ, ಎಲ್ಲಿ?” ಎಂದು ಕೇಳುತ್ತಿದ್ದಾರೆ. ಮಾತಿನ ಅರ್ಥ ಇರುವುದಾದರೂ ಎಲ್ಲಿ? ಹಳ್ಳಿಯವರ ಮಾತನ್ನು ಅವರು ಆಡಿದ ಹಾಗೆಯೇ ಏಕೆ ಅಚ್ಚು ಹಾಕಬಾರದು?’)

ಮಾನ್ಯ ಮೇಷ್ಟ್ರೇ,

ನಿಮ್ಮ ಪತ್ರ ಬಂದ ದಿನವೇ ಧ್ವನಿಮುದ್ರಣವನ್ನು ತೆಗೆಸಿ ಎರಡು ಬಾರಿ ಕೇಳಿದೆವು. ನೀವು ಬರೆದಿರುವುದು ಅಕ್ಷರಶಃ ನಿಜ. ಬರಹಕ್ಕೆ ಇಳಿಸಿದ ಹುಡುಗ ‘ಬುಟ್ಟವ್ರಂತೆ ಕಣಪ್ಪ’ ಎಂದೇ ಬರೆದುಕೊಂಡಿದ್ದ. ಅದನ್ನು ‘ತಿದ್ದಿದ್ದು’ ನಾನು. ‘ಬುಟ್ಟವ್ರೆ’ ಎಂಬುದನ್ನು ‘ಬಿಟ್ಟಿದ್ದಾರೆ’ ಎಂದು ಬದಲಿಸಿದ್ದರಿಂದ ಅರ್ಥಕ್ಕೆ ಹೆಚ್ಚಿನ ಊನವಾಗಲಿಲ್ಲ. ಆದರೆ ಅದರ ಹಿಂದೆ ಬಂದ ‘ಅಂತೆ’ ಮತ್ತು ‘ಕಣಪ್ಪ’ ಎರಡನ್ನೂ ಆಡುಮಾತಿನ ಹೊಟ್ಟೆಂದು ಬಗೆದು ತೂರಿಬಿಟ್ಟೆ. ಕಾಳೂ ಅದರ ಜೊತೆಗೇ ಹಾರಿಹೋಯಿತು.

‘ಅಂತೆ’ ಎಂಬುದಕ್ಕೆ ನಿಘಂಟಿನಲ್ಲಿ ಒಂದು ಸಾಲು ಸಿಕ್ಕೀತು, ಆದರೆ ಅದು ಮಾಡುವ ಕೆಲಸ ಒಂದು ಸಾಲಿನದಲ್ಲ. ‘ಈ ಸಂಗತಿಯನ್ನು ನಾನು ಕಂಡಿಲ್ಲ, ಕೇಳಿದ್ದೇನೆ, ಇದರ ಹೊಣೆ ನನ್ನದಲ್ಲ’ ಎಂಬ ಮೂರು ಮಾತುಗಳನ್ನು ಅದು ಎರಡೇ ಅಕ್ಷರದಲ್ಲಿ ಮುಗಿಸುತ್ತದೆ. ‘ಒಂದೂರಿನಲ್ಲಿ ಒಬ್ಬ ರಾಜ ಇದ್ದನಂತೆ’ ಎಂದು ಅಜ್ಜಿ ಕಥೆ ಎತ್ತಿಕೊಂಡಾಗ ಯಾವ ಊರು, ಯಾವ ರಾಜ ಎಂದು ಯಾರೂ ಅಡ್ಡಪ್ರಶ್ನೆ ಹಾಕುವುದಿಲ್ಲ. ತಮಿಳಿನವರು ಇದಕ್ಕೆ ‘ಆಮ್’ ಎನ್ನುತ್ತಾರೆ, ತೆಲುಗಿನವರು ‘ಅಟ’ ಎನ್ನುತ್ತಾರೆ, ದೂರದ ತುರ್ಕಿ ಭಾಷೆಯಲ್ಲಿಯೂ ಕ್ರಿಯಾಪದಕ್ಕೆ ಹತ್ತುವ ‘ಮಿಶ್’ ಎಂಬ ಪ್ರತ್ಯಯ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ನಮ್ಮ ಸುದ್ದಿಬರಹವೂ ಇದನ್ನು ಬಿಟ್ಟು ಬದುಕಿಲ್ಲ. ಅಲ್ಲಿ ಅದು ‘ಎನ್ನಲಾಗಿದೆ’ ಎಂದು ಪಂಚೆ ಶಲ್ಯ ಹೊದ್ದು ಬರುತ್ತದೆ, ಅಷ್ಟೇ. ಹೀಗಿರುವಾಗ ‘ಬಿಟ್ಟಿದ್ದಾರಂತೆ’ ಎಂದು ಅಚ್ಚು ಹಾಕಲು ನನಗೆ ಅಡ್ಡಿಯೇನೂ ಇರಲಿಲ್ಲ.

ಇನ್ನೊಂದು ಸ್ವಾರಸ್ಯ ನೋಡಿ. ಇದೇ ‘ಅಂತೆ’ಯನ್ನು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವಾಗ ಬಳಸಿದರೆ ಅದು ಬೇರೊಂದು ಮುಖ ತೋರಿಸುತ್ತದೆ. ‘ಅವನು ಬೈದನಂತೆ’ ಎಂಬುದು ಬರಿಯ ಸುದ್ದಿ. ‘ನಾನು ಬೈದೆನಂತೆ’ ಎಂಬುದು ಸಾಮಾನ್ಯವಾಗಿ ಪ್ರತಿಭಟನೆ. ನಾನು ಬೈದದ್ದು ನನಗೆ ಗೊತ್ತಿರಬೇಕಾದ ಸಂಗತಿಯಾದ್ದರಿಂದ, ಅದನ್ನು ಇನ್ನೊಬ್ಬರಿಂದ ಕೇಳಿದೆನೆಂದು ಹೇಳುವುದೇ ಅದನ್ನು ಅಲ್ಲಗಳೆದ ಹಾಗೆ. ‘ಇವನು ದೊಡ್ಡ ಡಾಕ್ಟರಂತೆ’ ಎಂಬ ಮಾತಂತೂ ಒಂದು ರಾಗದಲ್ಲಿ ಗೌರವ, ಇನ್ನೊಂದು ರಾಗದಲ್ಲಿ ಮೂದಲಿಕೆ. ರಾಗವನ್ನು ಅಚ್ಚಿಗೆ ತರಲು ಯಾವ ಸಂಪಾದಕನಿಂದಲೂ ಆಗದು. ಆದರೆ ಪ್ರತ್ಯಯವನ್ನು ತರಬಹುದಿತ್ತು.

ನಿಮ್ಮೂರಿನ ರೈತರ ವಿಷಯದಲ್ಲಿ ಈ ಪ್ರತ್ಯಯಕ್ಕೆ ಎಷ್ಟು ತೂಕವಿತ್ತೆಂಬುದು, ನೀವು ಬರೆದ ಮೇಲೆ, ನನಗೆ ತಡವಾಗಿ ಹೊಳೆಯಿತು. ಕನ್ನಂಬಾಡಿ ಕಟ್ಟೆಯಲ್ಲಿ ನೀರು ತುಂಬುಮಟ್ಟವಾದ 124.80 ಅಡಿ ಮುಟ್ಟಿತೆಂಬ ಸುದ್ದಿ, ಅಲ್ಲಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ತೂಬು ಎತ್ತಿದರೆಂಬ ಸುದ್ದಿ, ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಮದ್ದೂರು ಮುಟ್ಟುತ್ತವೆ. ನೀರು ಮಾತ್ರ ಮೇಲುಗಡೆಯ ಗದ್ದೆಗಳನ್ನೆಲ್ಲ ದಾಟಿಕೊಂಡು ಕೊನೆ ಭಾಗಕ್ಕೆ ನಿಧಾನವಾಗಿ ಬರಬೇಕು. ಸುದ್ದಿ ಬಂದು ನೀರು ಬಾರದ ಆ ನಡುವಿನ ದಿನಗಳಲ್ಲಿ ನಿಂತು ಅವರು ‘ಬುಟ್ಟವ್ರಂತೆ’ ಎಂದರು. ನಾನು ಅದನ್ನು ಕತ್ತರಿಸಿದ ಕೂಡಲೇ ಅವರು ತೂಬಿನ ಪಕ್ಕದಲ್ಲಿ ನಿಂತು ಕಣ್ಣಾರೆ ಕಂಡ ಸಾಕ್ಷಿಯಾಗಿಬಿಟ್ಟರು.

‘ಕಣಪ್ಪ’ದ ಕಥೆ ಬೇರೆ. ‘ಕಾಣು’ ಎಂಬ ಕ್ರಿಯಾಪದವೇ ಸವೆದು ‘ಕಣ’ ಆಗಿದೆ. ವಚನಗಳಲ್ಲಿ ಅಂಕಿತದ ಹಿಂದೆ ಮುಂದೆ ಸುಳಿಯುವ ‘ಕಾಣಾ’ ಇದರ ಹಿರಿಯಣ್ಣ. ಕನ್ನಡ ಬಾರದವರು ಅದರ ಅರ್ಥವೇನೆಂದು ಕೇಳಿದರೆ ನಾವು ತಡವರಿಸುತ್ತೇವೆ, ಆದರೆ ಕಣೋ, ಕಣೇ, ಕಣ್ರೀ, ಕಣಮ್ಮ, ನಿಮ್ಮ ಕಡೆಯ ಕಣ್ಲಾ, ಇವುಗಳಲ್ಲಿ ಯಾವುದನ್ನು ಕೇಳಿದರೂ ಎದುರಿಗಿರುವವರು ಗಂಡೋ ಹೆಣ್ಣೋ, ಸಲುಗೆಯವರೋ ದೂರದವರೋ ಎಂಬುದು ನೋಡದೆಯೇ ತಿಳಿಯುತ್ತದೆ. ನಮ್ಮ ವರದಿಗಾರ ಅವರ ಮಗನ ವಯಸ್ಸಿನವನು. ಅವನನ್ನು ‘ಅಪ್ಪ’ ಎಂದು ಕರೆದು ಆಡಿದ ಆ ಮಾತು ಪತ್ರಿಕಾ ಹೇಳಿಕೆಯಲ್ಲ, ಜಗಲಿಯ ಮೇಲಿನ ಮಾತು ಎಂಬುದನ್ನು ಓದುಗರಿಗೆ ತಿಳಿಸಲು ಇದ್ದ ಒಂದೇ ಗುರುತು ‘ಕಣಪ್ಪ’.

ಅರ್ಥ ಎಲ್ಲಿದೆ ಎಂಬ ನಿಮ್ಮ ಪ್ರಶ್ನೆ ಹಳೆಯದು. ಒಂಬತ್ತನೆಯ ಶತಮಾನದ ಆನಂದವರ್ಧನನು ಪದಗಳ ನೇರ ಅರ್ಥವನ್ನು ಮೀರಿ ಹೊಮ್ಮುವುದಕ್ಕೆ ಧ್ವನಿ ಎಂದು ಹೆಸರಿಟ್ಟು ಅದನ್ನೇ ಕಾವ್ಯದ ಆತ್ಮವೆಂದ. ಅದೇ ಶತಮಾನದ ನಮ್ಮ ಕವಿರಾಜಮಾರ್ಗವೂ ಧ್ವನಿಯನ್ನು ಒಂದು ಅಲಂಕಾರವೆಂದು ಹೆಸರಿಸುತ್ತದೆ. ‘ಹೊತ್ತು ಮುಳುಗಿತು’ ಎಂಬ ಮಾತು ದನ ಕಾಯುವವನಿಗೆ ಒಂದು, ಸಂಧ್ಯಾವಂದನೆಗೆ ಏಳುವವನಿಗೆ ಇನ್ನೊಂದು ಎಂದು ಆಲಂಕಾರಿಕರು ತೋರಿಸಿದ ಉದಾಹರಣೆಯನ್ನು ನೀವೂ ತರಗತಿಯಲ್ಲಿ ಪಾಠ ಮಾಡಿರುತ್ತೀರಿ. ನಾನು ಅದಕ್ಕೆ ಸೇರಿಸಬಹುದಾದದ್ದು ಇಷ್ಟೇ: ಕನ್ನಡದಲ್ಲಿ ಆಡುವವನ ನಿಲುವು ಬಹುಮಟ್ಟಿಗೆ ವಾಕ್ಯದ ಬಾಲದಲ್ಲಿರುತ್ತದೆ, ಮತ್ತು ಬರಹಕ್ಕೆ ತರುವಾಗ ನಾವು ಮೊದಲು ಕತ್ತರಿಸುವುದು ಬಾಲವನ್ನೇ.

ಇಷ್ಟು ಒಪ್ಪಿಕೊಂಡೂ ನಿಮ್ಮ ಕೊನೆಯ ಸಲಹೆಯನ್ನು ನಾನು ಪೂರ್ತಿ ಒಪ್ಪಲಾರೆ. ಮೈಸೂರಿನ ಪ್ರಾಧ್ಯಾಪಕರೊಬ್ಬರು ‘ಯೇಳ್ದೆ’ ಎಂದದ್ದನ್ನು ‘ಹೇಳಿದೆ’ ಎಂದು ಅಚ್ಚು ಹಾಕಿ, ಅದೇ ಪುಟದಲ್ಲಿ ರೈತರ ಮಾತನ್ನು ಮಾತ್ರ ‘ಯೋಳ್ದೆ’, ‘ಬುಟ್ಟವ್ರೆ’ ಎಂದು ಉಚ್ಚಾರಣೆಯ ಪ್ರಕಾರವೇ ಬರೆದರೆ, ಆ ಕಾಗುಣಿತವೇ ಅವರು ಆಡದ ಒಂದು ಅರ್ಥವನ್ನು ಅವರ ತಲೆಗೆ ಕಟ್ಟುತ್ತದೆ. ಮಂಡ್ಯದ ಮಾತೆಂದರೆ ನಗಿಸುವ ಮಾತು ಎಂದು ನಾಟಕ ಸಿನಿಮಾಗಳು ಎಷ್ಟೋ ಕಾಲದಿಂದ ಕಲಿಸಿರುವಾಗ ಓದುಗರು ನಕ್ಕೇ ನಗುತ್ತಾರೆ. ಕನ್ನಡದ ದೇಸಿಗಳು ಎಷ್ಟು ಬಗೆಯೆಂದರೆ ವಾಸುಕಿಯೂ ಅವನ್ನು ಅರಿಯಲಾರದೆ ಬೇಸತ್ತಾನು ಎಂದು ಕವಿರಾಜಮಾರ್ಗಕಾರನೇ ಹೇಳಿದ್ದಾನೆ. ಒಂದು ಮಾಸಪತ್ರಿಕೆಯ ಅಕ್ಷರ ಜೋಡಣೆಯವರು ಎಷ್ಟನ್ನು ನಿಭಾಯಿಸಿಯಾರು! ಆದ್ದರಿಂದ ಇನ್ನು ಮುಂದೆ ಉಚ್ಚಾರಣೆಯನ್ನು ಎಲ್ಲರಿಗೂ ಸಮನಾಗಿ ಬರಹದ ರೂಪಕ್ಕೆ ತರುತ್ತೇವೆ. ಅಂತೆ, ಕಣ, ತಾನೆ, ಬಿಡು ಮುಂತಾದವನ್ನು ಯಾರ ಬಾಯಿಂದ ಬಂದರೂ ಮುಟ್ಟುವುದಿಲ್ಲ. ‘ನಾಲೆಗೆ ನೀರು ಬಿಟ್ಟಿದ್ದಾರಂತೆ ಕಣಪ್ಪ’ ಎಂಬ ತಿದ್ದುಪಡಿ ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ಬರುತ್ತದೆ.

ಅದಕ್ಕೆ ಮುಂಚೆ ನಿಮ್ಮಿಂದ ಒಂದು ಸಹಾಯ ಬೇಕು. ಧ್ವನಿಮುದ್ರಣದಲ್ಲಿ ಆ ವಾಕ್ಯದ ನಂತರ ಒಂದು ಕೆಮ್ಮು ಇದೆ, ಸ್ವಲ್ಪ ಮೌನವಿದೆ, ಆಮೇಲೆ ಅವರು ‘ನೋಡಾನ ಬುಡು’ ಎನ್ನುತ್ತಾರೆ. ವಿಷಯಕ್ಕೆ ಸಂಬಂಧವಿಲ್ಲವೆಂದು ಅದನ್ನೂ ನಾನು ಕೈಬಿಟ್ಟಿದ್ದೆ. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ‘ನೋಡೋಣ’ ಎಂದು ಎದ್ದರೆ ಅದು ಆಗದ ಮಾತೆಂದು ಮನೆಯವರಿಗೆ ತಿಳಿಯುತ್ತದೆ. ಇವರ ‘ನೋಡಾನ’ ಅಂಥದ್ದೋ, ಅಥವಾ ನೀರು ಬಂದೇ ಬರುತ್ತದೆಂಬ ನೆಚ್ಚಿಕೆಯೋ, ಬರಿಯ ಧ್ವನಿಯಿಂದ ನನಗೆ ಗೊತ್ತಾಗುತ್ತಿಲ್ಲ. ನೀವು ಅವರ ಮುಖ ನೋಡುತ್ತಾ ಪಕ್ಕದಲ್ಲಿದ್ದಿರಿ. ಹದಿನೈದನೆಯ ತಾರೀಖಿನೊಳಗೆ ಒಂದು ಕಾರ್ಡು ಬರೆದರೆ ತಿದ್ದುಪಡಿಯಲ್ಲಿ ಅದನ್ನೂ ಸೇರಿಸುತ್ತೇವೆ.

— ಸಂಪಾದಕ, ಮೈಸೂರು