ನ್ಯೂ ಆರ್ಲಿಯನ್ಸ್‌ನಲ್ಲಿ ಜಾಝ್ ಕೇಳೋಕೆ ಎಲ್ಲಿಗೆ ಹೋಗಬೇಕು?

ಶುಕ್ರವಾರ, ಶನಿವಾರ ಎರಡು ರಾತ್ರಿ ಅಲ್ಲಿರುತ್ತೇನೆ, ಭಾನುವಾರ ಮಧ್ಯಾಹ್ನ ವಾಪಸ್ ವಿಮಾನ, ಜಾಝ್‌ಗೆ ಬರ್ಬನ್ ಸ್ಟ್ರೀಟ್ ಒಂದೇ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ನಾನಿರೋದು ಹ್ಯೂಸ್ಟನ್‌ನಲ್ಲಿ, ಕಾರಿನಲ್ಲಿ 5-6 ಗಂಟೆ ದಾರಿ, ನಾಲ್ಕೈದು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ರಾತ್ರಿಯೆಲ್ಲ ಬರ್ಬನ್ ಸ್ಟ್ರೀಟ್‌ನಲ್ಲೇ ಸುತ್ತಿದೆ. ಜನಜಂಗುಳಿ, ಕುಡಿತ, ಜೋರು ಪಾಪ್ ಹಾಡು. ಜಾಝ್ ಕಿವಿಗೆ ಬಿದ್ದಿದ್ದು ಕಡಿಮೆ.

ಅಲ್ಲೇ ಸೇಂಟ್ ಪೀಟರ್ ಸ್ಟ್ರೀಟ್‌ಗೆ ತಿರುಗಿದರೆ ಪ್ರಿಸರ್ವೇಶನ್ ಹಾಲ್ ಇದೆ. 1961ರಲ್ಲಿ ಶುರುವಾಗಿದ್ದು. ಚಿಕ್ಕ ಹಳೇ ಕೋಣೆ, ಒಂದು ಗಂಟೆಯೊಳಗೆ ಮುಗಿಯೋ ಕಛೇರಿ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಟಿಕೆಟ್ ಮೊದಲೇ ತಗೊಳ್ಳಿ. ನಾನು ಮುಂದೆ ನೆಲದ ಮೇಲೆ ಕೂತಿದ್ದೆ, ಟ್ರಂಬೋನ್ ಮುಖದ ಹತ್ತಿರಕ್ಕೇ ಬಂದು ಹೋಗುತ್ತಿತ್ತು.

ಇನ್ನೊಂದು ರಾತ್ರಿ ಪೂರ್ತಿ ಫ್ರೆಂಚ್‌ಮೆನ್ ಸ್ಟ್ರೀಟ್‌ಗೆ ಇಟ್ಟುಕೊಳ್ಳಿ. ಅಲ್ಲಿನ ಸ್ಪಾಟೆಡ್ ಕ್ಯಾಟ್ ಅನ್ನೋ ಕ್ಲಬ್ಬಿನಲ್ಲಿ ಜನ ಒತ್ತೊತ್ತಾಗಿ ನಿಂತು ಕೇಳುತ್ತಾರೆ. ಕೂತು ಕೇಳಬೇಕು ಅಂದರೆ ಸ್ನಗ್ ಹಾರ್ಬರ್, ಪಿಯಾನೋ ವಾದಕ ಎಲ್ಲಿಸ್ ಮಾರ್ಸಾಲಿಸ್ ದಶಕಗಳ ಕಾಲ ನುಡಿಸಿದ ಜಾಗ ಅದು. ಈ ಬೀದಿಯಲ್ಲಿ ನುಡಿಸುವವರ ಮುಂದೆ ಟಿಪ್ಸ್‌ಗೆ ಒಂದು ಬಕೆಟ್ ಇರುತ್ತದೆ, ಕೆಲವು ಸಲ ಅದನ್ನು ಹಿಡಿದು ನಿಮ್ಮ ಹತ್ತಿರಕ್ಕೇ ಬರುತ್ತಾರೆ. ಅವರ ಆ ರಾತ್ರಿಯ ಸಂಪಾದನೆ ಜಾಸ್ತಿ ಅದರ ಮೇಲೇ ನಿಂತಿದೆ. ಸುಮ್ನೆ ಫೋಟೋ ತೆಗೆದು ಹೊರಡಬೇಡಿ, ದಯವಿಟ್ಟು. ಪ್ರತಿ ಬ್ಯಾಂಡಿಗೂ ಕೈ ತುಂಬಾ ಕೊಡಿ, ನೋಟು ಇಟ್ಟುಕೊಂಡೇ ಹೋಗಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾತ್ರಿಯಲ್ಲ, ಭಾನುವಾರ ಮಧ್ಯಾಹ್ನ. ಬೇಸಿಗೆ ಬಿಟ್ಟರೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಯಾವುದಾದರೂ ಕೇರಿಯಲ್ಲಿ 'ಸೆಕೆಂಡ್ ಲೈನ್' ಮೆರವಣಿಗೆ ಇರುತ್ತದೆ. ಮುಂದೆ ಮೆರವಣಿಗೆ ನಡೆಸೋ ಕೇರಿಯ ಸಂಘದವರು ಮತ್ತು ಬ್ರಾಸ್ ಬ್ಯಾಂಡ್, ಅದು ಮೊದಲ ಸಾಲು. ಹಿಂದೆ ಕುಣಿಯುತ್ತಾ ಬರೋ ಊರವರೆಲ್ಲ ಎರಡನೇ ಸಾಲು. ಇದು ಕಪ್ಪು ಜನರ ಶವಯಾತ್ರೆಯ ಜೊತೆ ಬೆಳೆದ ಪದ್ಧತಿ. ಮಣ್ಣಿಗೆ ಹೋಗುವಾಗ ನಿಧಾನದ ಶೋಕದ ರಾಗ, ಹೆಣವನ್ನು ಬೀಳ್ಕೊಟ್ಟ ಮೇಲೆ ಕುಣಿತ. ನಮ್ಮೂರಲ್ಲಿ ಹೆಣದ ಮುಂದೆ ತಮಟೆ ಬಡಿದು ಕುಣಿಯೋದನ್ನ ನೋಡಿ ಬೆಳೆದವನು ನಾನು. ಟ್ರೆಮೇ ಕೇರಿಯಲ್ಲಿ ಇದರ ಕಥೆ ಕೇಳಿದಾಗ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅದೇ ಟ್ರೆಮೇಯಲ್ಲಿ ಕಾಂಗೋ ಸ್ಕ್ವೇರ್ ಇದೆ, ಗುಲಾಮರು ಭಾನುವಾರ ಸೇರಿ ಡ್ರಮ್ ಬಾರಿಸಿ ಕುಣಿಯುತ್ತಿದ್ದ ಬಯಲು. ಹತ್ತಿರದ ಕ್ಲೇಬೋರ್ನ್ ಅವೆನ್ಯೂನಲ್ಲಿ ಸಾಲುಸಾಲು ಓಕ್ ಮರಗಳಿದ್ದವು, ಕಪ್ಪು ಜನರ ಅಂಗಡಿಗಳಿದ್ದವು. 1960ರ ದಶಕದಲ್ಲಿ ಮರ ಕಡಿದು ಮೇಲೆ ಹೆದ್ದಾರಿ ಕಟ್ಟಿದರು. ಈಗ ಮೆರವಣಿಗೆ ಆ ಸೇತುವೆಯ ಕೆಳಗೆ ಬಂದಾಗ ಟ್ಯೂಬಾ, ಟ್ರಂಪೆಟ್ ಸದ್ದು ಕಾಂಕ್ರೀಟಿಗೆ ಬಡಿದು ಎದೆಗೇ ತಾಗುತ್ತದೆ. ಯಾವ ಭಾನುವಾರ ಯಾವ ದಾರಿ ಅನ್ನೋದನ್ನ ಅಲ್ಲಿನ ಡಬ್ಲ್ಯೂಡಬ್ಲ್ಯೂಓಝೆಡ್ (WWOZ) ರೇಡಿಯೋದವರು ತಮ್ಮ ವೆಬ್‌ಸೈಟ್‌ನಲ್ಲಿ ಹಾಕುತ್ತಾರೆ. ಸಾಧ್ಯವಾದರೆ ವಿಮಾನವನ್ನು ಸೋಮವಾರಕ್ಕೆ ಬದಲಾಯಿಸಿಕೊಳ್ಳಿ.